ತಡಿ ಅನ್ನುವ ತಂತಿ

ಅಂಬುಜಮ್ಮನ ಮನೆಯಲ್ಲಿ ಕಂಪ್ಯೂಟರಿಗೂ, ಅದು ಕೊಟ್ಟದ್ದನ್ನು ಫೋನಿನ ದಾರಿಯಲ್ಲಿ ಆಚೆ ಕಳಿಸುವ ಮೋಡೆಮ್ಮಿಗೂ ನಡುವೆ ಒಂದು ಕೇಬಲ್ಲು ಇತ್ತು. ಮೈ ಮಾತ್ರ ದಪ್ಪ, ಒಳಗೆ ಮೂರೇ ತಂತಿ.

ಮಗಳ ಸಂಬಂಧದ ವಿಷಯವಾಗಿ ಅಂಬುಜಮ್ಮ ಹುಡುಗನ ತಾಯಿಗೆ ಕಂಪ್ಯೂಟರಿನಿಂದ ನಾಲ್ಕು ಪುಟದ ಕಾಗದ ಕಳಿಸಿದರು. ಮೊದಲ ಪುಟದಲ್ಲಿ "ನಿಮ್ಮ ಬಾಯಿ ಜೋರೆಂದು ಜನ ಹೇಳುತ್ತಾರೆ" ಎಂದಿತ್ತು. "ನಾವು ನಂಬಲಿಲ್ಲ, ಸಂಬಂಧ ಒಪ್ಪಿಗೆ" ಎಂಬುದು ಕೊನೆಯ ಪುಟದಲ್ಲಿತ್ತು. ಕಂಪ್ಯೂಟರು ಒಂದೇ ಸಮನೆ ಸುರಿಯಿತು. ಮೋಡೆಮ್ಮಿನ ಬಾಯಿ ತುಂಬಿ, ಮೊದಲ ಪುಟ ಮಾತ್ರ ಆಚೆ ಹೋಯಿತು, ಉಳಿದದ್ದು ಚೆಲ್ಲಿಹೋಯಿತು.

"ಕಾಗದ ನುಂಗಿದೆಯಲ್ಲೋ!" ಎಂದಿತು ಕಂಪ್ಯೂಟರು.

"ತಡಿ, ತಡಿ ಅಂತ ಬಡಕೊಂಡೆ. ನಿನಗೆ ಕಿವಿ ಇಲ್ಲವೇ?" ಎಂದಿತು ಮೋಡೆಮ್ಮು.

"ನನಗೊಂದೂ ಕೇಳಲಿಲ್ಲ."

ಎರಡೂ ಕೇಬಲ್ಲಿನತ್ತ ತಿರುಗಿದವು.

"ಹೋಗುವ ಮಾತಿಗೊಂದು ತಂತಿ, ಬರುವ ಮಾತಿಗೊಂದು, ಅರ್ಥಿಂಗಿಗೊಂದು," ಎಂದಿತು ಕೇಬಲ್ಲು. "ತಡಿ ಅನ್ನುವುದಕ್ಕೆ ನನ್ನಲ್ಲಿ ತಂತಿಯೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ."

ಅಂಬುಜಮ್ಮ ಅದನ್ನು ಕಿತ್ತು ಮೂಲೆಗೆಸೆದು, ಎಲ್ಲ ತಂತಿಯೂ ಇರುವ ಹೊಸದನ್ನು ಹಾಕಿದರು. ಮೋಡೆಮ್ಮು ತಡಿ ಎಂದಾಗಲೆಲ್ಲ ಕಂಪ್ಯೂಟರು ತಡೆಯಿತು. ಈ ಸಲ ನಾಲ್ಕೂ ಪುಟ ಹೋದವು. ಓದಲು ಹುಡುಗನ ತಾಯಿ ಮನೆಯಲ್ಲಿರಲಿಲ್ಲ. ಅಂಬುಜಮ್ಮನ ಬಾಗಿಲಲ್ಲೇ ನಿಂತು, "ನನ್ನ ಬಾಯಿ ಜೋರೇ? ನಿಮ್ಮ ಹೆಣ್ಣು ಯಾರಿಗೆ ಬೇಕು!" ಎನ್ನುತ್ತಿದ್ದರು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

"ತಡೀರಿ, ಒಂದು ನಿಮಿಷ ತಡೀರಿ," ಎಂದು ಅಂಬುಜಮ್ಮ ಬೇಡಿಕೊಂಡರು. ಆಕೆ ತಡೆಯಲಿಲ್ಲ.

ಮೂಲೆಯಲ್ಲಿದ್ದ ಹಳೆಯ ಕೇಬಲ್ಲು ತಲೆಯೆತ್ತಿ ನೋಡಿತು.

"ನಮ್ಮ ಪೈಕಿಯವರು," ಎಂದಿತು.