ಅರ್ಧ ಬೆಲೆಯ ಕುರಿಗಳು

ಕುರಿ ಸಂತೆಗೆ ಬಂದ ಪಟೇಲರ ಕಣ್ಣು ಬೇವಿನ ಮರದ ಬುಡದಲ್ಲೇ ನೆಟ್ಟುಹೋಯಿತು. ಅಲ್ಲಿ ವ್ಯಾಪಾರಿ ತಿಪ್ಪಣ್ಣ ಕೆಲವು ಕುರಿಗಳನ್ನು ಅರ್ಧ ಬೆಲೆಗೆ ಕೂಗುತ್ತಿದ್ದ. ಎಲ್ಲದರ ಮೂಗೂ ಸೋರುತ್ತಿತ್ತು. ಒಂದು ಕೆಮ್ಮಿದರೆ ಉಳಿದವೂ ಕೆಮ್ಮುತ್ತಿದ್ದವು.

“ದಾರಿ ದೂಳು ಬುದ್ಧಿ, ಅಷ್ಟೇ. ನಾಳೆ ನೋಡಿ, ಜಿಂಕೆ ಹಂಗೆ ನೆಗೀತವೆ,” ಎಂದ ತಿಪ್ಪಣ್ಣ.

ಪಟೇಲರ ಕುರಿ ಕಾಯುವ ಬೀರವ್ವ ಮೆಲ್ಲಗೆ, “ಬ್ಯಾಡ ಬುದ್ಧಿ, ನಮ್ಮ ಮಂದೆಗೂ ಅಂಟಿಬಿಡ್ತದೆ,” ಎಂದಳು.

“ವ್ಯಾಪಾರ ನನಗೇ ಕಲಿಸ್ತೀಯಾ?” ಪಟೇಲರು ಗುಡುಗಿದರು. “ಸುಮ್ನೆ ಹೊಡ್ಕೊಂಡು ನಡಿ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!”

ಅವರು ಸೊಂಟದ ಚೀಲ ಬಿಚ್ಚುತ್ತಿದ್ದಂತೆ ಬೀರವ್ವ ಕುರಿಗಳ ಹಗ್ಗ ಬಿಚ್ಚಿದಳು. ಹೊಡೆದುಕೊಂಡು ಹೊರಟೇಬಿಟ್ಟಳು. ಹೊರಟಿದ್ದು ಊರಿನ ಕಡೆಗಲ್ಲ. ಪಕ್ಕದ ತೊಟ್ಟಿಯಲ್ಲಿ ತಿಪ್ಪಣ್ಣನದೇ ಕೊಬ್ಬಿದ ಟಗರುಗಳು ನೀರು ಕುಡಿಯುತ್ತಿದ್ದವು. ಅಲ್ಲಿಗೆ.

ತಿಪ್ಪಣ್ಣ ಪಂಚೆ ಎತ್ತಿಕೊಂಡು ಓಡಿ ಬಂದು, ಎರಡೂ ಕೈ ಅಗಲಿಸಿ ಅಡ್ಡ ನಿಂತ.

“ಏ, ನಿನ್ನ ಮನೆ ಹಾಳಾಗ! ಅವನ್ನ ಇತ್ಲಾಗೆ ಯಾಕೆ ತರ್ತೀಯ? ನನ್ನ ಒಳ್ಳೇ ಟಗರೆಲ್ಲ ಸಾಯ್ತವೆ!”

“ಬರೀ ದೂಳು ಕಣಣ್ಣ,” ಎಂದಳು ಬೀರವ್ವ. “ನಿನ್ನ ಟಗರಿನ ಜೊತೆ ಒಂದು ಗುಟುಕು ನೀರು ಕುಡಿದ್ರೆ ಹೋಗ್ತದೆ.”

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟೇಲರು ಚೀಲವನ್ನು ಮತ್ತೆ ಬಿಗಿಯಾಗಿ ಕಟ್ಟಿ, ಮೀಸೆ ತಿರುವಿ, “ನನಗೆ ಮೊದಲೇ ಅನುಮಾನ ಇತ್ತು,” ಎಂದರು.

“ಹೂಂ ಬುದ್ಧಿ,” ಎಂದಳು ಬೀರವ್ವ, “ಅದಕ್ಕೇ ಅಲ್ವಾ ನೀವು ಹೊಡ್ಕೊಂಡು ನಡಿ ಅಂದಿದ್ದು!”