ಬೇಗ ಹೊತ್ತಿದ ಕಿಡಿ

“ಬುದ್ಧಿ, ನನ್ನ ತಾಯಿ ಹಾಸಿಗೆ ಹಿಡಿದಿದ್ದಾಳೆ. ಅವಳು ಬಾಯಿ ಬಿಡುವ ಮೊದಲೇ ಎಲ್ಲವನ್ನೂ ಮಾಡಿ ಮುಗಿಸುತ್ತೇನೆ. ಆದರೂ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಾಳೆ. ನನಗೂ ಸಾಕಾಗಿದೆ. ನನ್ನ ಪ್ರೀತಿಯಲ್ಲಿ ಏನು ಕಡಿಮೆ?” ಎಂದು ಶಿಷ್ಯ ಷಡಕ್ಷರಿ ಗುರುಗಳನ್ನು ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಯ ಮೂತ್ರಪಿಂಡಗಳು ಕೆಟ್ಟಿದ್ದವು. ಡಯಾಲಿಸಿಸ್ ಮಾಡಿಸಲು ವಾರವಾರವೂ ಘಟ್ಟದ ಮೇಲಿನ ಆಸ್ಪತ್ರೆಗೆ ಹೋಗಬೇಕಿತ್ತು. ಬಸ್ಸಿನ ಕುಲುಕಾಟ ಅವಳಿಗೆ ಆಗದೆಂದು ವ್ಯಾಪಾರಿ ತನ್ನ ತಂದೆಯ ಕಾಲದ ಕಾರಿನಲ್ಲಿ ಕರೆದೊಯ್ಯುತ್ತಿದ್ದ.

ಬೇಗ ತಲುಪಬೇಕೆಂಬುದೊಂದೇ ಅವನ ಚಿಂತೆ. ಕಾರು ಚುರುಕಾಗಲೆಂದು, ಇಂಜಿನ್ನಿನೊಳಗೆ ಪೆಟ್ರೋಲಿಗೆ ಬೆಂಕಿ ಹೊತ್ತಿಸುವ ಕಿಡಿ ತುಸು ಬೇಗ ಹಾರುವಂತೆ ತಾನೇ ತಿರುಪು ತಿರುಗಿಸಿಕೊಂಡಿದ್ದ. ಬಯಲು ರಸ್ತೆಯಲ್ಲಿ ಕಾರು ಹಾರುತ್ತಿತ್ತು. ಏರಿನಲ್ಲಿ ಮಾತ್ರ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಕಟಕ ಸದ್ದು.

ಪೆಟ್ರೋಲ್ ಸರಿಯಿಲ್ಲವೆಂದುಕೊಂಡ. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿದ. ಸದ್ದು ತಗ್ಗಿತು, ನಿಲ್ಲಲಿಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದ. ಹೊಸವೂ ಸುಟ್ಟು ಬೆಳ್ಳಗಾದವು. ಮತ್ತೆ ಬದಲಿಸಿದ.

ಕಾರನ್ನು ನೋಡಿದ ಮೆಕ್ಯಾನಿಕ್ ಹೇಳಿದ: “ಯಜಮಾನರೇ, ಪೆಟ್ರೋಲೂ ಒಳ್ಳೆಯದೇ, ಪ್ಲಗ್ಗೂ ಒಳ್ಳೆಯದೇ. ಕಿಡಿ ಬೇಗ ಬರ್ತಿದೆ, ಅಷ್ಟೆ. ಪಿಸ್ಟನ್ ಇನ್ನೂ ಮೇಲಕ್ಕೆ ಬರ್ತಿರುವಾಗಲೇ ಬೆಂಕಿ ಅದನ್ನ ಕೆಳಕ್ಕೆ ತಳ್ತಿದೆ. ಒಂಚೂರು ತಡ ಮಾಡಿ ಕೂರಿಸಲಾ?”

“ರೋಗಿಯನ್ನು ಕರೆದುಕೊಂಡು ಹೋಗೋನಿಗೆ ತಡ ಅನ್ನೋ ಮಾತು ಹೇಳಬೇಡ,” ಎಂದು ವ್ಯಾಪಾರಿ ಕೀಲಿ ಕಸಿದುಕೊಂಡು ಹೊರಟುಬಿಟ್ಟ.

ಒಂದು ಮಧ್ಯಾಹ್ನ, ಘಟ್ಟದ ಅರ್ಧದಲ್ಲಿ ಕಾರು ಹೊಗೆಯುಗುಳಿ ನಿಂತಿತು. ಪಿಸ್ಟನ್ ತೂತು ಬಿದ್ದಿತ್ತು. ಹೆಂಡತಿ ಇಳಿದು ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತಳು. ಅವನು ಅವಳ ಪಕ್ಕದಲ್ಲಿ ಕುಸಿದ.

“ಇನ್ನು ನಿನಗೋಸ್ಕರ ನಾನು ಏನು ಮಾಡಲಿ, ಹೇಳು!” ಎಂದ.

ಅವಳು ಅವನನ್ನು ನೋಡಲಿಲ್ಲ. “ಬೇಗ ಹೋಗೋಣ ಅಂತ ನಾನು ಯಾವತ್ತಾದರೂ ಅಂದೆನಾ? ತಿರುವಿನಲ್ಲಿ ಹೊಟ್ಟೆ ತೊಳಸುತ್ತೆ. ಒಂದು ಗಳಿಗೆ ನಿಲ್ಲಿಸಿ ಅನ್ನೋಕೆ ಪ್ರತಿ ಸಲವೂ ಬಾಯಿ ತೆಗೀತಿದ್ದೆ. ಅಷ್ಟರಲ್ಲೇ ‘ಇನ್ನೇನು ಬಂತು, ತಡ್ಕೋ’ ಅಂತಿದ್ರಿ.”

ಅವನು ತಲೆ ತಗ್ಗಿಸಿದ.

ತರಕಾರಿ ಸಾಗಿಸುವ ಗಾಡಿಯವನೊಬ್ಬ ನಿಲ್ಲಿಸಿ ಅವರನ್ನು ಹತ್ತಿಸಿಕೊಂಡ. ಆಸ್ಪತ್ರೆಗೆ ತಡವಾಗಿಯೇ ತಲುಪಿದರು. ನರ್ಸ್ ಗೊಣಗಿದಳು, ಆದರೂ ಬೇರೊಬ್ಬರ ಸರದಿ ಮುಗಿಸಿ ಇವಳನ್ನು ಮಲಗಿಸಿದಳು. ಅವಳಿಗೆ ಏನೂ ಆಗಲಿಲ್ಲ.

ವ್ಯಾಪಾರಿ ಇಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್ ಹಾಕಿಸಿದ. ಕಿಡಿಯನ್ನು ಅದರ ಹೊತ್ತಿಗೆ ಕೂರಿಸಲು ಮೆಕ್ಯಾನಿಕ್‌ಗೆ ತಾನೇ ಹೇಳಿದ. ಆಮೇಲೆ ಕಾರು ಘಟ್ಟವನ್ನು ಸದ್ದಿಲ್ಲದೆ, ನಿಧಾನವಾಗಿ ಹತ್ತಿತು. ಅವಳು ನಿಲ್ಲಿಸಿ ಎಂದಲ್ಲಿ ಅವನು ನಿಲ್ಲಿಸುತ್ತಿದ್ದ. ಅವಳು ಮುಖ ತೊಳೆದು, ಗಾಳಿಗೆ ಕುಳಿತು, ಮತ್ತೆ ಹತ್ತುತ್ತಿದ್ದಳು.

ಹಾಗೆ ಕುಳಿತಿದ್ದಾಗ ಒಮ್ಮೆ, “ನನಗೆ ತುಂಬ ಸುಸ್ತಾಗಿದೆ ರೀ,” ಎಂದಳು. ಎಲ್ಲ ಸರಿಹೋಗುತ್ತದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಆಗ ಅವಳು ತನ್ನ ಭಯಗಳನ್ನು ಒಂದೊಂದಾಗಿ ಹೇಳಿಕೊಂಡಳು. ಅಷ್ಟು ವರ್ಷಗಳ ಸಂಸಾರದಲ್ಲಿ ಅವನು ಆ ಭಯಗಳನ್ನು ಎಂದೂ ಕೇಳಿರಲಿಲ್ಲ.

ಮುಂದಿನ ಬೇಸಿಗೆಗೆ ಅವಳು ತೀರಿಕೊಂಡಳು.

ಗುರುಗಳು ನಿಲ್ಲಿಸಿದರು. ಷಡಕ್ಷರಿ, “ಪಾಪ, ಬುದ್ಧಿ. ಮೊದಲೇ ಗೊತ್ತಾಗಿದ್ದರೆ ಅವನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದ,” ಎಂದ.

ಅವನ ಮಾತು ಪೂರ್ತಿ ಮುಗಿಯುವವರೆಗೆ ಗುರುಗಳು ಕಾದರು. ಆಮೇಲೆ ಕೇಳಿದರು:

“ಇವತ್ತು ನಿನ್ನ ತಾಯಿ ಏನು ಕೇಳಿದಳು?”

ಅದನ್ನು ಅವಳನ್ನೇ ಕೇಳಲು ಷಡಕ್ಷರಿ ಎದ್ದು ಮನೆಗೆ ಹೊರಟ.