ರೆಕ್ಕೆಯ ತುದಿ

ಬಯಲುಸೀಮೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಉತ್ತಯ್ಯ ಎಂಬ ಗುರುಗಳು ಹಾರಾಟ ಕಲಿಸುತ್ತಿದ್ದರು. ಹಿಂದೆ ವಾಯುಪಡೆಯಲ್ಲಿದ್ದವರು. ಮಾತು ಕಡಿಮೆ.

ಅವರ ಶಿಷ್ಯರಲ್ಲಿ ಶಾಂಭವಿ ಎಲ್ಲರಿಗಿಂತ ಚುರುಕು. ಅಡ್ಡಗಾಳಿ ಬೀಸುವಾಗಲೂ ವಿಮಾನವನ್ನು ಹೂವು ಇಟ್ಟ ಹಾಗೆ ಇಳಿಸುತ್ತಿದ್ದಳು.

ಆದರೆ ನೆಲದ ಮೇಲೆ ಅವಳಿಗೆ ತಾಳ್ಮೆ ಇರಲಿಲ್ಲ. ವಿಮಾನಗಳು ಸಾಲಾಗಿ ನಿಲ್ಲುವ ಅಂಗಳದಿಂದ ರನ್‌ವೇಯವರೆಗೆ ಮೆಲ್ಲಗೆ ಉರುಳಿಸಿಕೊಂಡು ಹೋಗಬೇಕು, ಮನುಷ್ಯ ನಡೆಯುವಷ್ಟೇ ವೇಗದಲ್ಲಿ. ಅದು ಗುರುಗಳ ಕಟ್ಟಪ್ಪಣೆ.

"ಇಷ್ಟು ನಿಧಾನ ಯಾಕೆ ಸರ್?" ಎಂದು ಒಮ್ಮೆ ಕೇಳಿದಳು. "ಎತ್ತಿನ ಗಾಡಿಯೂ ಇದಕ್ಕಿಂತ ಬೇಗ ಹೋಗುತ್ತದೆ."

"ಎತ್ತಿಗೆ ಕಣ್ಣಿದೆ," ಎಂದರು ಗುರುಗಳು.

ಶಾಂಭವಿ ನಕ್ಕುಬಿಟ್ಟಳು.

ಒಂದು ಬೆಳಿಗ್ಗೆ ಅವಳು ಒಬ್ಬಳೇ ವಿಮಾನ ಹೊರಡಿಸಿದಳು. ಮುಂದೆ ನಿಂತು ದಾರಿ ತೋರುವವನು ಇದ್ದಕ್ಕಿದ್ದಂತೆ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡ ಹಿಡಿದ. ನಿಲ್ಲು ಎಂಬ ಸನ್ನೆ.

ಶಾಂಭವಿ ಆಚೀಚೆ ನೋಡಿದಳು. ಜಾಗ ಇದೆ ಅನ್ನಿಸಿತು. ಬ್ರೇಕ್ ಒತ್ತಿದಳು, ಆದರೆ ತಡವಾಗಿ.

ಎಡ ರೆಕ್ಕೆಯ ಆಚೆ ಮೆಕ್ಯಾನಿಕ್ ಹುಸೇನಸಾಬ್ ಪಕ್ಕದ ವಿಮಾನದ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ರೆಕ್ಕೆಯ ತುದಿ ಅವನ ಟೋಪಿಯನ್ನು ಕೆಡವಿಕೊಂಡು ಹೋಗಿ ನಿಂತಿತು.

ಎಂಜಿನ್ ಆರಿತು.

ಗುರುಗಳು ವಿಮಾನಗಳನ್ನಿಡುವ ಹ್ಯಾಂಗರಿನಿಂದ ನಡೆದು ಬಂದರು. ಶಾಂಭವಿಯ ಕಡೆ ನೋಡಲೇ ಇಲ್ಲ. ಹುಸೇನಸಾಬನ ಕೈ ಹಿಡಿದು ಎಬ್ಬಿಸಿದರು. ನೆರಳಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಅವನು ನೀರು ಕುಡಿದು ಏಳುವವರೆಗೂ ಪಕ್ಕದಲ್ಲೇ ಕೂತರು.

ಇಡೀ ದಿನ ಶಾಂಭವಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ.

ಮಾರನೆಯ ದಿನ ಗುರುಗಳು ಅವಳಿಗೆ ಹಳದಿ ಜಾಕೆಟ್ ಕೊಟ್ಟರು.

"ಇವತ್ತು ನಾನು ಓಡಿಸುತ್ತೇನೆ. ಮುಂದೆ ನಿಂತು ನೀನು ದಾರಿ ತೋರಿಸು."

ಶಾಂಭವಿ ಅಂಗಳದ ಆ ತುದಿಗೆ ಹೋಗಿ ನಿಂತಳು. ವಿಮಾನ ಅವಳ ಕಡೆಗೆ ಬರತೊಡಗಿತು. ಸದ್ದು ಎದೆಯೊಳಗೇ ಹೊಕ್ಕಂತಿತ್ತು. ಅವಳು ತೋಳುಗಳನ್ನು ಎತ್ತಿ ಅಡ್ಡ ಹಿಡಿದಳು. ವಿಮಾನ ಆ ಕ್ಷಣವೇ ನಿಂತಿತು, ಸಾಕಷ್ಟು ದೂರದಲ್ಲೇ. ಎಂಜಿನ್ ಆರುವವರೆಗೂ ಅವಳು ತೋಳು ಇಳಿಸಲಿಲ್ಲ.

ಗುರುಗಳು ಇಳಿದು ಬಂದರು.

"ಏನು ಕಂಡಿತು?"

"ಪ್ರೊಪೆಲ್ಲರ್ ಕಾಣಲಿಲ್ಲ ಸರ್. ತಿರುಗುವಾಗ ಅಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ."

"ನಾನು ಕಂಡೆನಾ?"

"ಇಲ್ಲ. ಗಾಜಿನ ಮೇಲೆ ಬಿಸಿಲಿತ್ತು. ನೀವು ನನ್ನನ್ನು ನೋಡಿದಿರೋ ಇಲ್ಲವೋ ಅಂತಲೇ ಗೊತ್ತಾಗಲಿಲ್ಲ."

"ಮತ್ತೆ ಓಡಿಹೋಗಲಿಲ್ಲ ಯಾಕೆ?"



"ನೀವು ನಿಲ್ಲಿಸುತ್ತೀರಿ ಅಂತ ನಂಬಿದ್ದೆ ಸರ್."

"ನೀನು ನನಗೆ ಎದುರಾಗಿ ನಿಂತಿದ್ದೆ," ಎಂದರು ಗುರುಗಳು. "ಹುಸೇನಸಾಬರು ನಿನಗೆ ಬೆನ್ನು ಹಾಕಿ ಕೂತಿದ್ದರು."

ಶಾಂಭವಿ ಹುಸೇನಸಾಬನನ್ನು ಹುಡುಕಿಕೊಂಡು ಹೋದಳು. ಅವನು ಒಂದು ಟೈರ್ ಬಿಚ್ಚುತ್ತಿದ್ದ.

"ನನ್ನಿಂದ ದೊಡ್ಡ ತಪ್ಪಾಯಿತು ಸಾಬರೇ."

"ಏನೂ ಆಗಿಲ್ಲ ಬಿಡ್ರಿ ಮೇಡಮ್ಮರ." ಅವನು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ನಮ್ಮ ಮನಿಯವರು ಈ ಕಡೆ ಬಂದ್ರ, ಇದನ್ನ ಹೇಳಬ್ಯಾಡ್ರಿ. ನಾಳಿಂದ ಕೆಲಸಕ್ಕ ಕಳಸೂದಿಲ್ಲ."

ಅವಳು ಅಲ್ಲೇ ಕೂತು, ಅವನು ಕೇಳಿದ ಸಾಮಾನುಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು.

ಆ ದಿನದಿಂದ ಅವಳು ನೆಲದ ಮೇಲೆ ನಿಧಾನವಾದಳು. ಜೊತೆಯವರು ನಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ಅವಳ ಕೊನೆಯ ಪರೀಕ್ಷೆ ಬಂತು. ದೂರದ ಊರಿನಿಂದ ಬಂದ ಪರೀಕ್ಷಕರು ಪಕ್ಕದ ಸೀಟಿನಲ್ಲಿ ಕೂತರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ಬೇಗ ಹೊರಡಮ್ಮ. ಮಳೆ ಬಂದರೆ ಇವತ್ತಿನ ಪರೀಕ್ಷೆ ಹೋದ ಹಾಗೆ."

ಅವಳು ವಿಮಾನ ಹೊರಡಿಸಿದಳು. ಅಂಗಳದಲ್ಲಿ ಇಂಧನದ ಲಾರಿಯೊಂದು ನಿಂತಿದ್ದು, ದಾರಿ ಇಕ್ಕಟ್ಟಾಗಿತ್ತು. ಎಡ ರೆಕ್ಕೆಯ ತುದಿ ಕಾಯಲು ಒಬ್ಬ ಜೊತೆಗೆ ನಡೆಯುತ್ತಿದ್ದ. ಲಾರಿ ಹತ್ತಿರವಾದಾಗ ಅವನು ಕಣ್ಮರೆಯಾದ.

ಶಾಂಭವಿ ಬ್ರೇಕ್ ಒತ್ತಿದಳು.

"ಯಾಕೆ ನಿಲ್ಲಿಸಿದೆ?"

"ರೆಕ್ಕೆ ಕಾಯುವವರು ಕಾಣಿಸುತ್ತಿಲ್ಲ ಸರ್."

"ಲಾರಿಯ ಆಚೆ ಹೋಗಿರುತ್ತಾನೆ. ಜಾಗ ಧಾರಾಳ ಇದೆ, ನಡಿ."

"ಇರಬಹುದು ಸರ್."

ಅವಳು ಎಂಜಿನ್ ಆರಿಸಿದಳು. ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೆ ಕಾದು ಕೆಳಗಿಳಿದಳು. ರೆಕ್ಕೆಯ ಕೆಳಗೆ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಆ ಮನುಷ್ಯ ಲಾರಿಯ ಆಚೆ ಮಗ್ಗುಲಲ್ಲಿ ನಿಂತು, ಮಳೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಅವಳು ಮತ್ತೆ ಹತ್ತಿ ಕೂರುವಷ್ಟರಲ್ಲಿ ಗಾಜಿನ ಮೇಲೆ ದಪ್ಪ ಹನಿಗಳು ಬಿದ್ದವು. ಇಂದು ಹಾರಾಟಕ್ಕೆ ಅನುಮತಿ ಇಲ್ಲ ಎಂದು ರೇಡಿಯೋದಲ್ಲಿ ಮಾತು ಬಂತು.

ಪರೀಕ್ಷಕರು ಬೆಲ್ಟ್ ಬಿಚ್ಚಿದರು.

"ಯಾರೂ ಇಲ್ಲದ ಕಡೆ ನಿಂತುಬಿಟ್ಟೆಯಲ್ಲಮ್ಮ," ಎಂದರು. "ಇನ್ನು ಮಳೆಗಾಲ ಕಳೆದ ಮೇಲೆ ನೋಡೋಣ."

ಜೊತೆಗೆ ಕಲಿತವರೆಲ್ಲ ಅದಾಗಲೇ ಪರೀಕ್ಷೆ ಮುಗಿಸಿ ಹೊರಟು ನಿಂತಿದ್ದರು.

ಶಾಂಭವಿ ಹ್ಯಾಂಗರಿನಲ್ಲಿ ವಿಮಾನಕ್ಕೆ ಹೊದಿಕೆ ಕಟ್ಟತೊಡಗಿದಳು. ಗುರುಗಳು ಬಂದು ಆಚೆ ಬದಿಯ ಹಗ್ಗ ಹಿಡಿದರು.

"ಅಲ್ಲಿ ಯಾರೂ ಇರಲಿಲ್ಲ ಸರ್," ಎಂದಳು ಶಾಂಭವಿ.

ಗುರುಗಳು ಹಗ್ಗದ ಗಂಟು ಬಿಗಿದರು.

"ಅದು ನಿನಗೆ ಗೊತ್ತಾಗಿದ್ದು ನಿಂತ ಮೇಲೆ ಅಲ್ಲವೇನಮ್ಮ?"